ಹಾರೆ ಹಿಡಿದವರ ಹಾಜರಿ

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಒಳರಸ್ತೆಗಳಲ್ಲಿ ಓಡಾಡುವವರಿಗೆ ಯುವಕ ಮಂಡಲಗಳ ಹೆಸರು ಮೊದಲು ಕಣ್ಣಿಗೆ ಬೀಳುವುದು ಬಸ್ ತಂಗುದಾಣಗಳಲ್ಲಿ. ಸಿಮೆಂಟಿನ ಕಟ್ಟೆ, ಮೇಲೊಂದು ಮಾಡು, ಗೋಡೆಯ ಮೇಲೆ ಊರಿನ ಹೆಸರು, ಅದರ ಕೆಳಗೆ ‘ಯುವಕ ಮಂಡಲ (ರಿ.)’. ಜೂನ್ ತಿಂಗಳ ಜಡಿಮಳೆಯಲ್ಲಿ ಶಾಲೆಯ ಮಕ್ಕಳು ಕೊಡೆ ಮಡಚಿ ನಿಲ್ಲುವುದು ಅಲ್ಲೇ, ಹಾಲಿನ ಡೇರಿಗೆ ಬಂದವರು ನಾಲ್ಕು ಮಾತಾಡುವುದೂ ಅಲ್ಲೇ. ಕಲ್ಲು ಹೊತ್ತವರು ಯಾರು, ಮಾಡಿಗೆ ದುಡ್ಡು ಕೂಡಿಸಿದವರು ಯಾರು ಎಂದು ಕೇಳುವವರು ಕಡಿಮೆ.

ಏಳು ಮಂದಿ ಕೂಡಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಕಟ್ಟಬಹುದು. ಕಟ್ಟಿದ ಮೇಲೆ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು. ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಗ್ರಾಮಕ್ಕೊಂದು, ಎರಡು ಎಂದು ಹುಟ್ಟಿಕೊಂಡ ಈ ಮಂಡಲಗಳು ಬಿಡಿಬಿಡಿಯಾಗಿ ಉಳಿದಿಲ್ಲ. ಸುಳ್ಯದಲ್ಲಿ ಇಡೀ ತಾಲೂಕಿನ ಯುವಕ, ಯುವತಿ ಮಂಡಲಗಳನ್ನು ಒಂದು ಮಾಡಿನಡಿ ತಂದ ಯುವಜನ ಸಂಯುಕ್ತ ಮಂಡಳಿಯೇ ಇದೆ. ಒಂದು ಊರಿನ ಕಬಡ್ಡಿ ಪಂದ್ಯಕ್ಕೆ ಪಕ್ಕದ ಊರಿನ ತಂಡ, ಒಂದು ಊರಿನ ರೋಗಿಗೆ ಇನ್ನೊಂದು ಊರಿನ ಹುಡುಗನ ರಕ್ತ. ಹೀಗೆ ಕೊಡುಕೊಳ್ಳುವಿಕೆ ನಡೆದೇ ಇರುತ್ತದೆ.

ನಾನು ಪುತ್ತೂರು–ಸುಳ್ಯ ಗಡಿಯ ಒಂದು ಹಳ್ಳಿಗೆ ಹೋದದ್ದು ಅಲ್ಲಿನ ಮಂಡಲದ ಒಂದು ಪುಸ್ತಕ ನೋಡಲಿಕ್ಕೆ. ಅದನ್ನು ಬರೆದು ಕಾಪಾಡಿದವರು ನಿವೃತ್ತ ಅಂಚೆ ನೌಕರರು. ಊರಿನ ಶಾಖಾ ಅಂಚೆ ಕಚೇರಿಯನ್ನು ದಶಕಗಳ ಕಾಲ ನಡೆಸಿದ್ದರಿಂದ ದೊಡ್ಡವರು, ಸಣ್ಣವರು ಎಲ್ಲರೂ ಅವರನ್ನು ‘ಮಾಸ್ಟ್ರು’ ಎಂದೇ ಕರೆಯುತ್ತಾರೆ. ಮಂಡಲದ ಅಧ್ಯಕ್ಷರಾಗಿ ಅವರು ಒಮ್ಮೆಯೂ ಕೂತವರಲ್ಲ. ಕಾರ್ಯದರ್ಶಿಯಾಗಿದ್ದದ್ದು ಸ್ವಲ್ಪ ಕಾಲ. ಉಳಿದಂತೆ ಅವರ ಕೆಲಸ ಒಂದೇ: ಶ್ರಮದಾನಕ್ಕೆ ಬಂದವರ ಹೆಸರು ಬರೆಯುವುದು.

ಮಹಾಸಭೆಯ ನಡಾವಳಿ ಪುಸ್ತಕ ಬೇರೆ, ಲೆಕ್ಕದ ಪುಸ್ತಕ ಬೇರೆ. ಇದು ಹಾಜರಿ ಪುಸ್ತಕ. ಉದ್ದನೆಯ, ರಟ್ಟಿನ ಹೊದಿಕೆಯ ರಿಜಿಸ್ಟರು. ತುಂಬಿದ ಹಾಗೆ ಹೊಸತು ತಂದು ಹಳೆಯದಕ್ಕೆ ಹೊಲಿದಿದ್ದಾರೆ. ಪುಟಕ್ಕೆ ನಾಲ್ಕು ಕಾಲಂ. ಮೊದಲನೆಯದು ಹೆಸರು, ಎರಡನೆಯದು ತಂದ ಸಾಮಾನು, ಮೂರನೆಯದು ಹೊರಟ ಹೊತ್ತು, ನಾಲ್ಕನೆಯದು ಷರಾ. ಸಾಮಾನಿನ ಕಾಲಂ ಓದುತ್ತಾ ಹೋದರೆ ಊರೇ ಎದ್ದು ಬರುತ್ತದೆ. ಹಾರೆ, ಪಿಕ್ಕಾಸು, ಕತ್ತಿ, ಬುಟ್ಟಿ, ಮತ್ತೆ ಬುಟ್ಟಿ. ಒಬ್ಬರ ಹೆಸರಿನ ಎದುರು ‘ಕೈ ಬೀಸಿಕೊಂಡು’ ಎಂದಿದೆ. ಮುಂದಿನ ಪುಟಗಳಲ್ಲಿ ಅದೇ ಹೆಸರಿನ ಎದುರು ಪ್ರತಿಸಲವೂ ಪಿಕ್ಕಾಸು ಇದೆ. ಷರಾದಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು: ಮಗುವಿಗೆ ಜ್ವರ, ಬದಲಿಗೆ ತಮ್ಮ ಬಂದಿದ್ದಾನೆ. ಅಡಿಕೆ ಕೊಯ್ಲು ಇದ್ದರೂ ಬಂದರು. ಜಗಳ ಮಾಡಿ ಹೋದರು, ಮಧ್ಯಾಹ್ನ ಪುನಃ ಬಂದರು.

“ಇಷ್ಟೆಲ್ಲ ಯಾಕೆ ಬರೆದಿಟ್ಟಿರಿ ಮಾಸ್ಟ್ರೇ?” ಎಂದು ಕೇಳಿದೆ.

“ಬಂದವರ ಹೆಸರು ಬರೆಯದಿದ್ರೆ ಬಾರದವರದ್ದೇ ಮಾತಾಗ್ತದೆ ಮಾರಾಯ್ರೆ. ಬಂದವನಿಗೆ ಒಂದು ಗೆರೆಯಾದ್ರೂ ಬೇಡವಾ?”

ಹಳೆಯ ಪುಟಗಳಲ್ಲಿ ಹೆಂಗಸರ ಹೆಸರುಗಳೆಲ್ಲ ಕೊನೆಗೆ ಒಟ್ಟಾಗಿ ಬರುತ್ತವೆ. ಸಾಮಾನಿನ ಕಾಲಂನಲ್ಲಿ ‘ಅಡಿಗೆ’ ಎಂದಷ್ಟೇ. ಯುವತಿ ಮಂಡಲ ಆದಮೇಲೆ ಆ ಹೆಸರುಗಳು ಪಟ್ಟಿಯ ನಡುನಡುವೆ ಬರತೊಡಗಿದವು, ಎದುರಿಗೆ ಬುಟ್ಟಿ, ಕತ್ತಿ, ಹಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅಲ್ಲಿಗೆ ನಿಲ್ಲುತ್ತದೆ. ಆದರೆ ಬೇರೆ ಊರಿನ ಯುವತಿ ಮಂಡಲದಲ್ಲಿ ಪಳಗಿ ಈ ಊರಿಗೆ ಸೊಸೆಯಾಗಿ ಬಂದವರೂ ಇದ್ದಾರೆ. ಈಗಿನ ರಕ್ತದಾನ ಶಿಬಿರದ ಪೂರ್ತಿ ಹೊಣೆ ಹೊತ್ತಿರುವುದು ಅಂಥ ಒಬ್ಬ ಸೊಸೆ. ಈ ಬೆಳವಣಿಗೆಯನ್ನು ಯಾವ ವಾರ್ಷಿಕ ವರದಿಯೂ ಹೇಳುವುದಿಲ್ಲ, ಮಾಸ್ಟ್ರ ಪುಸ್ತಕ ಹೇಳುತ್ತದೆ.

ಮಂಡಲ ಹುಟ್ಟಿದ ಕತೆಯನ್ನೂ ಅವರ ಬಾಯಿಂದಲೇ ಕೇಳಬೇಕು. ಕೇಂದ್ರ ಸರ್ಕಾರ ನೆಹರೂ ಯುವ ಕೇಂದ್ರಗಳನ್ನು ಆರಂಭಿಸಿದ್ದು 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ. ಅದರ ಗಾಳಿ ಈ ಹಳ್ಳಿಗೆ ಬೀಸಿದ್ದು ಆ ದಶಕದ ಕೊನೆಗೆ. ಕೊಯ್ಲಾದ ಗದ್ದೆಯಲ್ಲಿ ವಾಲಿಬಾಲ್ ಆಡುತ್ತಿದ್ದ ಹುಡುಗರಿಗೆ, ಮಂಡಲ ಮಾಡಿಕೊಂಡರೆ ಚೆಂಡೂ ಬಲೆಯೂ ಸಿಗುತ್ತದೆ ಎಂದು ಯಾರೋ ಹೇಳಿದರು. ಚೆಂಡಿಗಾಗಿ ಸಹಿ ಹಾಕಿದ ಹುಡುಗರು ಮೊದಲು ಮಾಡಿದ ಕೆಲಸ, ಶಾಲೆಗೆ ಹೋಗುವ ದಾರಿಯ ತೋಡಿಗೆ ಅಡಿಕೆ ಮರದ ಸಂಕ ಹಾಕಿದ್ದು. ಪ್ರತಿ ಮಳೆಗಾಲಕ್ಕೂ ಹೊಸ ಸಂಕ ಬೇಕಾಗುತ್ತಿತ್ತು. ಆದ್ದರಿಂದ ಮಂಡಲವೂ ಉಳಿಯಿತು.

ಮಂಡಲದ ವರ್ಷಚಕ್ರ ಹೀಗೆ ತಿರುಗುತ್ತದೆ. ಜನವರಿ 12, ವಿವೇಕಾನಂದರ ಜನ್ಮದಿನ, 1985ರಿಂದ ರಾಷ್ಟ್ರೀಯ ಯುವ ದಿನ. ಅಂದು ಶಾಲೆಯಲ್ಲಿ ಸಭೆ. ಬೇಸಗೆಗೆ ಮುಂಚೆ ಹೊನಲು ಬೆಳಕಿನ ಕಬಡ್ಡಿ. ಜುಲೈಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ತಂದ ಸಸಿಗಳ ವನಮಹೋತ್ಸವ. ಆಟಿ ತಿಂಗಳಲ್ಲಿ ಕೆಸರುಗದ್ದೆಯ ಆಟ: ಹಗ್ಗಜಗ್ಗಾಟ, ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಓಟ, ತಪ್ಪಂಗಾಯಿ, ಊಟಕ್ಕೆ ಪತ್ರೊಡೆ, ತಜಂಕಿನ ಪಲ್ಯ. ಆಗಸ್ಟ್ ಹದಿನೈದರ ಧ್ವಜಾರೋಹಣ, ಅಷ್ಟಮಿಯ ಮೊಸರು ಕುಡಿಕೆ, ಗಾಂಧಿ ಜಯಂತಿಗೆ ರಸ್ತೆ ಬದಿಯ ಹುಲ್ಲು ಕಡಿಯುವುದು, ಮೋರಿ ಬಿಡಿಸುವುದು. ಯುವಜನ ಮೇಳ ಬಂದಾಗ ಕೋಲಾಟಕ್ಕೂ ಭಜನೆಗೂ ತಂಡ ಕಟ್ಟುವುದು.

ಇವುಗಳ ಜೊತೆಗಿನ ರಕ್ತದಾನದ ಕೆಲಸ ಶಿಬಿರದ ದಿನಕ್ಕೇ ಮುಗಿಯುವುದಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು, ಹಿಮೋಗ್ಲೋಬಿನ್ 12.5 ಇರಬೇಕು. ಯಾರು ಯಾವಾಗ ಕೊಟ್ಟರು, ಮುಂದೆ ಯಾವಾಗ ಕೊಡಬಹುದು ಎಂಬ ಪಟ್ಟಿ ಆ ಸೊಸೆಯ ಮೊಬೈಲಿನಲ್ಲಿದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಿಂದಲೋ ಲೇಡಿಗೋಷನ್ ಆಸ್ಪತ್ರೆಯಿಂದಲೋ ರಾತ್ರಿ ಕರೆ ಬಂದರೆ ಆಕೆ ಮೊದಲು ನೋಡುವುದು ಮಂಗಳೂರಲ್ಲೇ ಓದುತ್ತಿರುವ, ಕೆಲಸದಲ್ಲಿರುವ ಊರಿನ ಹುಡುಗರ ಹೆಸರನ್ನು. ಊರು ಬಿಟ್ಟವರೂ ಹೀಗೆ ಮಂಡಲದೊಳಗೇ ಉಳಿಯುತ್ತಾರೆ.

ಆದರೂ ವರ್ಷದ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ ಎಲ್ಲರೂ ಹೇಳುವುದು ಕಟ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟೊಂದು ಮಳೆ ಸುರಿಯುವ ಈ ನೆಲದಲ್ಲಿ ಮಾರ್ಚ್ ಹೊತ್ತಿಗೆ ಬಾವಿಗಳ ತಳ ಕಾಣಿಸುತ್ತದೆ. ಇಳಿಜಾರಿನ ನೆಲ, ನೀರು ನಿಲ್ಲುವುದಿಲ್ಲ; ಹಳ್ಳ ಸೇರಿ, ಹೊಳೆ ಸೇರಿ ಕಡಲಿಗೆ ಹೋಗುತ್ತದೆ. ಮಳೆ ನಿಂತು ಹಳ್ಳದ ಹರಿವು ಇಳಿದ ಮೇಲೆ ಅಡ್ಡಲಾಗಿ ಒಂದು ತಾತ್ಕಾಲಿಕ ಒಡ್ಡು ಹಾಕಿ ನೀರು ನಿಲ್ಲಿಸುವುದು ದಕ್ಷಿಣ ಕನ್ನಡ, ಕಾಸರಗೋಡಿನ ಕೃಷಿಕರ ಹಳೆಯ ಪದ್ಧತಿ. ಪತ್ರಕರ್ತ ಶ್ರೀಪಡ್ರೆ ಈ ಕಟ್ಟಗಳ ಬಗ್ಗೆ ವರ್ಷಗಟ್ಟಲೆ ಬರೆದು ನಾಡಿನ ಗಮನ ಸೆಳೆದಿದ್ದಾರೆ.

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಏಳಕ್ಕೆ ನಾನು ಹಳ್ಳದ ದಂಡೆಯಲ್ಲಿದ್ದೆ. ಮೊಣಕಾಲಿನ ತನಕ ನೀರು. ದಂಡೆಯಿಂದ ದಂಡೆಗೆ ಕಲ್ಲಿನ ಎರಡು ಸಾಲು ಎದ್ದವು, ನಡುವೆ ಮಣ್ಣು ತುಂಬುವಷ್ಟು ಜಾಗ ಬಿಟ್ಟು. ಕಲ್ಲು ಹಳ್ಳದ್ದೇ, ಕಳೆದ ವರ್ಷದ ಕಟ್ಟದಿಂದ ಮಳೆಗಾಲದ ನೆರೆ ಚೆದುರಿಸಿದ್ದು. ಮಣ್ಣು ಗುಡ್ಡೆಯ ಬದಿಯಿಂದ ಬರಬೇಕು. ಅಲ್ಲಿಂದ ನೀರಿನವರೆಗೆ ಒಂದು ಸಾಲು. ತುಂಬಿದ ಬುಟ್ಟಿ ಕೈಯಿಂದ ಕೈಗೆ ಇಳಿಯುತ್ತದೆ, ಖಾಲಿ ಬುಟ್ಟಿ ಇನ್ನೊಂದು ಬದಿಯಲ್ಲಿ ಏರುತ್ತದೆ. ಕಲ್ಲಿನ ಎರಡು ಸಾಲಿನ ನಡುವೆ ನಿಂತವರು ಮಣ್ಣನ್ನು ಕಾಲಿನಿಂದ ತುಳಿಯುತ್ತಲೇ ಇರಬೇಕು. ಸರಿಯಾಗಿ ತುಳಿಯದಿದ್ದರೆ ಎಷ್ಟು ಮಣ್ಣು ಹಾಕಿದರೂ ನೀರು ದಾರಿ ಮಾಡಿಕೊಳ್ಳುತ್ತದೆ.

ಈಗ ನೀರು ಬರುವ ಬದಿಗೆ ಟಾರ್ಪಾಲಿನ ಹಾಳೆ ಹೊದಿಸುತ್ತಾರೆ. ಹಳ್ಳದ ತಳದಲ್ಲಿ ಸಣ್ಣ ಚರಂಡಿ ತೋಡಿ, ಹಾಳೆಯ ಅಂಚನ್ನು ಅದರಲ್ಲಿ ಹುಗಿದು ಮೇಲೆ ಕಲ್ಲು ಹೇರಿದರೆ, ಏರಿದ ನೀರೇ ಹಾಳೆಯನ್ನು ಕಟ್ಟಕ್ಕೆ ಒತ್ತಿ ಹಿಡಿಯುತ್ತದೆ. ಆ ಅಂಚು ಹುಗಿಯುವ ಕೆಲಸವನ್ನು ಮಾಸ್ಟ್ರು ಯಾರಿಗೂ ಬಿಟ್ಟುಕೊಡುವುದಿಲ್ಲ. ಪುಸ್ತಕವನ್ನು ಮರದ ಬುಡದಲ್ಲಿಟ್ಟು, ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಎರಡು ಕೈಯನ್ನೂ ಭುಜದವರೆಗೆ ಮುಳುಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಬೆರಳಲ್ಲೇ ಹುಡುಕುತ್ತಾ ಹೋದರು. ಒಂದು ಕಡೆ ನಿಂತರು. “ಇಲ್ಲಿ ಎಳೀತಾ ಉಂಟು, ಬೈಹುಲ್ಲು ಕೊಡಿ.” ಕಾಲೇಜಿನ ಹುಡುಗನೊಬ್ಬ ಹುಲ್ಲು ಕೊಟ್ಟ. ಅವನ ಕೈಯನ್ನೇ ಹಿಡಿದು ನೀರಿನೊಳಗೆ ಆ ಜಾಗಕ್ಕೆ ತಾಗಿಸಿ, “ಗೊತ್ತಾಯ್ತಾ?” ಎಂದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೌದೆಂದ.

ಹತ್ತು ಗಂಟೆಗೆ ಸಜ್ಜಿಗೆ–ಅವಲಕ್ಕಿ, ಚಾ. ಮಧ್ಯಾಹ್ನದ ಹೊತ್ತಿಗೆ ಕಟ್ಟದ ಹಿಂದೆ ನೀರು ಏರತೊಡಗಿತು. ಹೀಗೆ ನಿಂತ ನೀರು ತೋಟಕ್ಕಿಂತ ಹೆಚ್ಚಾಗಿ ನೆಲದೊಳಗೆ ಇಳಿಯುತ್ತದೆ. ಕೆಳಗಿನ ಮನೆಗಳ ಬಾವಿಗಳಲ್ಲಿ ನೀರು ಏಪ್ರಿಲ್‌ವರೆಗೂ ಉಳಿಯುತ್ತದೆ ಎಂದು ಅಲ್ಲಿನ ಹೆಂಗಸರು ಹೇಳಿದರು; ಕಟ್ಟದ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬರುವವರೂ ಅವರೇ.

ಕಷ್ಟ ಎಲ್ಲಿದೆ ಎಂದರೆ ಕೈಗಳಲ್ಲಿ. ಮಾಸ್ಟ್ರ ಹಳೆಯ ಪುಟಗಳಲ್ಲಿ ಒಂದೊಂದು ಕಟ್ಟಕ್ಕೆ ನಲವತ್ತಕ್ಕೂ ಮಿಕ್ಕಿ ಹೆಸರುಗಳಿವೆ. ಆಗ ತೋಟಗಳೆಲ್ಲ ಆ ನೀರನ್ನೇ ನಂಬಿದ್ದವು. ಕೊಳವೆ ಬಾವಿ ಬಂತು, ಹನಿ ನೀರಾವರಿ ಬಂತು. ಗುಂಡಿ ಒತ್ತಿದರೆ ನೀರು ಬರುವ ಮನೆಯವರಿಗೆ ಹಳ್ಳದ ನೆನಪು ಕಡಿಮೆಯಾಯಿತು. ಹುಡುಗರು ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಸರ್ಕಾರದ ಲೆಕ್ಕದಲ್ಲಿ ‘ಯುವಜನ’ ಎಂದರೆ 2003ರ ಯುವ ನೀತಿಯಲ್ಲಿ 13ರಿಂದ 35 ವರ್ಷದವರು, 2014ರ ನೀತಿಯಲ್ಲಿ 15ರಿಂದ 29. ಈ ಮಂಡಲದಲ್ಲಿ ಹಾರೆ ಹಿಡಿಯುವವರಲ್ಲಿ ಅನೇಕರು ಆ ಗೆರೆ ದಾಟಿ ವರ್ಷಗಳಾದವು. 2023ರ ಅಕ್ಟೋಬರ್ 31ರಂದು ಆರಂಭವಾದ ‘ಮೈ ಭಾರತ್’ ವೇದಿಕೆಯಲ್ಲಿ ಯುವಕರು ಮೊಬೈಲಿನಲ್ಲೇ ಹೆಸರು ನೋಂದಾಯಿಸಬಹುದು. ಅದು ಒಳ್ಳೆಯದೇ. ಊರಿನ ಹುಡುಗರೂ ನೋಂದಾಯಿಸಿದ್ದಾರೆ. ಆದರೆ ಹಳ್ಳದ ತಳದಲ್ಲಿ ನೀರು ಎಲ್ಲಿ ಎಳೆಯುತ್ತದೆ ಎಂದು ಕಲಿಯಲು ಯಾರಾದರೊಬ್ಬರು ಕೈ ಹಿಡಿದು ತೋರಿಸಬೇಕು, ಅದಕ್ಕೆ ಭಾನುವಾರ ಬೆಳಗ್ಗೆ ಅಲ್ಲಿರಬೇಕು.

ಊರು ಬಿಟ್ಟವರು ಮರೆತಿಲ್ಲ, ದುಡ್ಡು ಕಳಿಸುತ್ತಾರೆ. ಬಡವರ ಮನೆಯ ಆಸ್ಪತ್ರೆ ಖರ್ಚಿಗೆ, ಶಾಲೆಯ ಮಕ್ಕಳ ಪುಸ್ತಕಕ್ಕೆ ಆ ದುಡ್ಡು ಬಹಳ ಆಗಿಬಂದಿದೆ. ಕಟ್ಟಕ್ಕೆ ಬರಲಾಗದ ಒಬ್ಬರು ಒಮ್ಮೆ ಒಂದು ಆಳಿನ ಮಜೂರಿ ಕಳಿಸಿ ತಮ್ಮ ಹೆಸರು ಬರೆಯಲು ಕೇಳಿದರಂತೆ. ಮಾಸ್ಟ್ರು ರಶೀದಿ ಹರಿದರು, ಲೆಕ್ಕದ ಪುಸ್ತಕಕ್ಕೆ ಸೇರಿಸಿದರು, ಹಾಜರಿ ಪುಸ್ತಕದಲ್ಲಿ ಬರೆಯಲಿಲ್ಲ. ಬೇಸರವಾಯಿತೇ ಅವರಿಗೆ ಎಂದು ಕೇಳಿದೆ. “ಆಗಿರಬಹುದು. ಮತ್ತೆ ರಜೆಗೆ ಬಂದಾಗ ಬುಟ್ಟಿ ಹಿಡಿದು ಬಂದ್ರು” ಎಂದು ಪುಟ ತಿರುಗಿಸಿ ಆ ಗೆರೆ ತೋರಿಸಿದರು.

ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ಎಷ್ಟು ಫೋನ್ ಮಾಡಿದರೂ ಜನ ಕೂಡಲಿಲ್ಲ. ಕಬಡ್ಡಿಯಲ್ಲಿ ಉಳಿದ ದುಡ್ಡಿನಿಂದ ಕೂಲಿ ಕೊಟ್ಟು ಕಟ್ಟ ಕಟ್ಟಿಸಿದರು. ನೀರು ನಿಂತಿತು, ಬಾವಿಗಳು ತುಂಬಿದವು, ಯಾರೂ ತಪ್ಪೆನ್ನುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಆ ವರ್ಷದ ಪುಟದಲ್ಲಿ ತಾರೀಕು ಇದೆ, ಕೆಳಗೆ ಹೆಸರುಗಳಿಲ್ಲ. ಮುಂದಿನ ವರ್ಷ ಯುವತಿ ಮಂಡಲದವರು ಮನೆಮನೆಗೆ ಹೋಗಿ ಕರೆದರು. ಸ್ವಲ್ಪ ಜನ ಬಂದರು, ಅದರ ಮರುವರ್ಷ ಇನ್ನೂ ಸ್ವಲ್ಪ ಜನ.

ನಾನು ನೋಡಿದ ಕಟ್ಟಕ್ಕೆ ಬಂದವರು 17 ಮಂದಿ. ಮುಂದಿನ ಡಿಸೆಂಬರಿನ ಕಟ್ಟಕ್ಕೆ ಕಾಲೇಜಿನ ಪರೀಕ್ಷೆ ನೋಡಿಕೊಂಡು ಎರಡನೇ ಭಾನುವಾರವೆಂದು ನಿಶ್ಚಯ ಮಾಡಿದ್ದಾರೆ. ಸಜ್ಜಿಗೆ–ಅವಲಕ್ಕಿ ಎಷ್ಟು ಜನಕ್ಕೆ ಮಾಡಿಸುವುದು ಎಂದು ಈಗಿನ ಕಾರ್ಯದರ್ಶಿ ಮಾಸ್ಟ್ರನ್ನು ಕೇಳಿದ. 40 ಜನಕ್ಕೆ ಮಾಡಿಸಲು ಹೇಳಿದ್ದಾರೆ.