ತುಪ್ಪದ ಬದಲು ಏನು?

ಹೃದಯದ ತೊಂದರೆಯಿಂದ ಚೇತರಿಸಿಕೊಂಡು ಮನೆಗೆ ಮರಳಿದವರಿಗೆ ಶಕ್ತಿ ಬರಲೆಂದು ರೊಟ್ಟಿಗೆ ಬೆಣ್ಣೆ, ಅನ್ನಕ್ಕೆ ತುಪ್ಪ ಹೆಚ್ಚಾಗಿ ಬಡಿಸುವುದುಂಟು. ಪ್ರೀತಿಯಿಂದ ಬಡಿಸಿದರೂ ಇದು ಹೃದಯಕ್ಕೆ ಹಿತವಲ್ಲ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು ಇರುತ್ತದೆ. ಇದು ಕೆಟ್ಟ ಕೊಲೆಸ್ಟ್ರಾಲ್ (ಎಲ್.ಡಿ.ಎಲ್.) ಹೆಚ್ಚಿಸುತ್ತದೆ. ಅದು ರಕ್ತನಾಳಗಳ ಗೋಡೆಯಲ್ಲಿ ಶೇಖರವಾಗಿ ರಕ್ತದ ದಾರಿ ಕಿರಿದಾಗುತ್ತದೆ.

ತುಪ್ಪ ಬಿಟ್ಟು ವನಸ್ಪತಿ, ಬಿಸ್ಕತ್ತು, ಮೈದಾ ತಿಂಡಿಗಳನ್ನು ಹಿಡಿದರೆ ಲಾಭವಿಲ್ಲ. ಅದರ ಜಾಗಕ್ಕೆ ಇಡಿಯಾದ ಕಾಳು, ಬೀಜಗಳು ಬರಬೇಕು:

• ಜೋಳದ ರೊಟ್ಟಿಗೆ ಬೆಣ್ಣೆಯ ಬದಲು ಅಗಸಿ, ಗುರೆಳ್ಳು ಅಥವಾ ಶೇಂಗಾ ಚಟ್ನಿಪುಡಿ. ಎಣ್ಣೆಯಿಲ್ಲದೆ ಹುರಿಯಿರಿ, ಉಪ್ಪು ಕಡಿಮೆ ಹಾಕಿರಿ.
• ದಿನವೂ ಕಾಳಿನ ಪಲ್ಯ, ಸೊಪ್ಪು. ಇವುಗಳ ನಾರಿನಂಶ ಕೊಲೆಸ್ಟ್ರಾಲ್ ತಗ್ಗಿಸಲು ನೆರವಾಗುತ್ತದೆ.
• ಕೊಬ್ಬರಿಯಲ್ಲೂ ಪರ್ಯಾಪ್ತ ಕೊಬ್ಬು ಹೆಚ್ಚು. ಮಿತವಾಗಿ ಬಳಸಿರಿ.
• ಹಾಲು ಕುಡಿಯುವವರು ಕೆನೆ ತೆಗೆದು ಕುಡಿಯಿರಿ.

ಶೇಂಗಾ, ಎಳ್ಳಿನಲ್ಲೂ ಎಣ್ಣೆಯಂಶವಿದೆ. ತೂಕ ಹೆಚ್ಚಿರುವವರು ಅಳತೆ ಮೀರಬಾರದು. ಮೂತ್ರಪಿಂಡದ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿರಿ. ಪಥ್ಯ ಮಾಡುತ್ತಿದ್ದೇವೆಂದು ಮಾತ್ರೆ ನಿಲ್ಲಿಸಬೇಡಿರಿ.

ರೋಗಿಗೊಂದು, ಮನೆಯವರಿಗೊಂದು ಅಡಿಗೆ ಬೇಡ. ಎಲ್ಲರೂ ಇದನ್ನೇ ಉಂಡರೆ ಪಥ್ಯವು ಶಿಕ್ಷೆಯೆನಿಸದು. ಮನೆಯ ಇತರರ ಹೃದಯಕ್ಕೂ ಒಳ್ಳೆಯದು.