ಬಾನುಲಿಯಲ್ಲಿ ಊರ ವರ್ತಮಾನ: ತಂಡ ಕಟ್ಟುವ ಬಗೆ, ನಡೆಸುವ ಬಗೆ

ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ರೈತನಿಗೆ ಕೆಲವು ಸಂಗತಿಗಳು ತುರ್ತಾಗಿ ತಿಳಿಯಬೇಕಾಗುತ್ತವೆ. ಹಸ್ತಾ ಮಳೆ ಯಾವ ಕಡೆ ಆಯಿತು? ಕಾಲುವೆಗೆ ನೀರು ಎಂದು ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ? ತೊಗರಿಗೆ ಕೀಡೆ ಬಿದ್ದಿದೆಯೇ? ಪೇಟೆಯಲ್ಲಿ ನಿಂಬೆಯ ಧಾರಣೆ ಏನು? ಇವು ದೊಡ್ಡ ಪತ್ರಿಕೆಗಳ ಮೊದಲ ಪುಟಕ್ಕೆ ಬರುವ ಸುದ್ದಿಗಳಲ್ಲ. ಆದರೆ ಇವುಗಳಲ್ಲಿ ಒಂದು ತಪ್ಪಿ ಬಂದರೂ, ತಡವಾಗಿ ಬಂದರೂ ರೈತನ ಬೀಜ, ಔಷಧಿ, ಆಳಿನ ಕೂಲಿ ಎಲ್ಲವೂ ನೀರುಪಾಲಾಗುತ್ತವೆ. ಇಂತಹ ಊರ ವರ್ತಮಾನವನ್ನು ಕಲೆಹಾಕಿ, ಪರೀಕ್ಷಿಸಿ, ಬಿತ್ತರಿಸುವ ಕೆಲಸಕ್ಕೆ ಕೃಷಿ ವಿಶ್ವವಿದ್ಯಾಲಯದ ಬಾನುಲಿ ಒಳ್ಳೆಯ ಸಾಧನ. ಅದಕ್ಕೆ ಬೇಕಾದ ತಂಡವನ್ನು ಹೇಗೆ ನಡೆಸಬೇಕು, ಅದರಲ್ಲಿ ರೈತರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ನಮ್ಮ ಭಾಗಕ್ಕೆ ಬಾನುಲಿ ಹೊಸದಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. 1956ರಲ್ಲಿ ಆಗಿನ ಮುಂಬಯಿ ರಾಜ್ಯದ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ರೈತರು ಗುಂಪಾಗಿ ಕುಳಿತು ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಪುಣೆಯ ಕೇಂದ್ರಕ್ಕೆ ಬರೆದು ಕಳಿಸುವ ಪ್ರಯೋಗ ನಡೆಯಿತು. ಹಳ್ಳಿಯಿಂದ ಮರುಮಾತು ಬಂದರೆ ಬಾನುಲಿಗೆ ಬಲ ಬರುತ್ತದೆ ಎಂಬುದು ಆಗಲೇ ಸಿದ್ಧವಾಯಿತು. ಹೊರದೇಶದಲ್ಲಿಯೂ ಇಂತಹ ಉದಾಹರಣೆಗಳುಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೇಂದ್ರವು 1920ರ ದಶಕದ ಆರಂಭದಲ್ಲಿಯೇ ರೈತರಿಗಾಗಿ ಹವಾಮಾನ ಮತ್ತು ಪೇಟೆ ವರದಿಗಳನ್ನು ಬಿತ್ತರಿಸತೊಡಗಿತ್ತು.

ಭಾರತದಲ್ಲಿ ಸರ್ಕಾರವು 2006ರ ಕೊನೆಯಲ್ಲಿ ಸಮುದಾಯ ಬಾನುಲಿಯ ನೀತಿಯನ್ನು ವಿಸ್ತರಿಸಿ, ಕೃಷಿ ವಿಶ್ವವಿದ್ಯಾಲಯಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಪರವಾನಿಗೆ ಪಡೆಯಲು ಅವಕಾಶ ಮಾಡಿತು. ಮರುವರ್ಷವೇ, 2007ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಕೃಷಿ ಸಮುದಾಯ ಬಾನುಲಿ ಕೇಂದ್ರ ಆರಂಭವಾಯಿತು. ಇಂತಹ ಕೇಂದ್ರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್; ಧ್ವನಿ ಸುಮಾರು 10ರಿಂದ 15 ಕಿಲೋಮೀಟರ್ ದೂರ ಮುಟ್ಟುತ್ತದೆ. ಆದ್ದರಿಂದ ಧಾರವಾಡದ ಕೇಂದ್ರ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೇಳಿಸದು. ಇಂಡಿಯಲ್ಲಿ ಒಂದು ಗೋಪುರ ನಿಲ್ಲಿಸಿದರೂ ಅದರ ದನಿ ಮುದ್ದೇಬಿಹಾಳದವರೆಗೆ ಬರುವುದಿಲ್ಲ. ಈ ಭಾಗದಲ್ಲಿ ಇಂತಹ ಬಾನುಲಿ ಬೇಕಾದರೆ ಅದನ್ನು ಊರ ಹತ್ತಿರವೇ ಕಟ್ಟಬೇಕು. ಯಂತ್ರಕ್ಕೆ ಹಣ ಹೊಂದಿಸುವ ಮೊದಲೇ ತಂಡ ಹೊಂದಿಸುವ ಯೋಚನೆ ಮಾಡುವುದು ಲೇಸು.

ಏನನ್ನು ಬಿತ್ತರಿಸಬಹುದು?

ಇಲ್ಲಿ ಒಂದು ಕಟ್ಟಳೆಯನ್ನು ನೆನಪಿಡಬೇಕು. ಸಮುದಾಯ ಬಾನುಲಿಯು ತನ್ನದೇ ಆದ ರಾಜಕೀಯ ವಾರ್ತೆ ಮತ್ತು ಪ್ರಚಲಿತ ವಿದ್ಯಮಾನಗಳನ್ನು ಬಿತ್ತರಿಸುವಂತಿಲ್ಲ. ವಾರ್ತೆ ಬೇಕೆಂದರೆ ಆಕಾಶವಾಣಿಯ ವಾರ್ತೆಯನ್ನೇ ತೆಗೆದುಕೊಳ್ಳಬೇಕು. ಆದರೆ ಹವಾಮಾನ, ನೀರು ಮತ್ತು ವಿದ್ಯುತ್ ಪೂರೈಕೆಯ ಪ್ರಕಟಣೆ, ನೆರೆ ಮುಂತಾದ ವಿಪತ್ತು, ಆರೋಗ್ಯ ಎಚ್ಚರಿಕೆ, ಪರೀಕ್ಷೆ, ಜಾತ್ರೆ, ಉತ್ಸವ ಇವುಗಳಿಗೆ ಅಡ್ಡಿಯಿಲ್ಲ. ಬೇಸಾಯದ ಮಾಹಿತಿಯಂತೂ ಕೇಂದ್ರದ ಮುಖ್ಯ ಉದ್ದೇಶವೇ ಆಗಿದೆ. ಚುನಾವಣೆಯಲ್ಲಿ ಯಾರು ಗೆದ್ದರು ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಕಾಲುವೆಯ ಕೊನೆಯ ಹಳ್ಳಿಗೆ ನೀರು ಮುಟ್ಟಿತೇ ಎಂದು ಹೇಳುವವರು ಕಡಿಮೆ. ಈ ಕೊರತೆಯನ್ನು ತುಂಬುವುದೇ ತಂಡದ ಕೆಲಸ.

ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮವನ್ನೂ 2006ರ ನೀತಿಯಲ್ಲಿ ಹಾಕಲಾಗಿತ್ತು. ಇದನ್ನು ಹೊರೆಯೆಂದು ತಿಳಿಯಬಾರದು. ನಾಳೆ ಯಾರಾದರೂ "ನೀವು ಹೀಗೆ ಹೇಳಿದಿರಿ" ಎಂದು ಬಂದರೆ ನಿಜವನ್ನು ತೋರಿಸಲು ಈ ಮುದ್ರಣವೇ ಸಾಕ್ಷಿ.

ತಂಡದಲ್ಲಿ ಯಾರಿರಬೇಕು?

ದೊಡ್ಡ ತಂಡ ಬೇಕಿಲ್ಲ. ಕೆಳಗಿನವರಿದ್ದರೆ ಕೆಲಸ ಸಾಗುತ್ತದೆ.

1. ಸಂಪಾದಕ: ಒಬ್ಬರೇ ಇರಬೇಕು, ಕಾಯಂ ಇರಬೇಕು. ಯಾವುದನ್ನು ಬಿತ್ತರಿಸಬೇಕು, ಯಾವುದನ್ನು ತಡೆಯಬೇಕು ಎಂಬ ಕೊನೆಯ ಮಾತು ಇವರದು. ಇಬ್ಬರು ಯಜಮಾನರಿದ್ದರೆ ತಪ್ಪಿಗೆ ಯಾರೂ ಹೊಣೆಯಾಗುವುದಿಲ್ಲ.

2. ಸುತ್ತಾಟದ ವರದಿಗಾರರು: ಇಬ್ಬರು ಸಾಕು. ಇವರಲ್ಲಿ ಒಬ್ಬರು ಮಹಿಳೆಯಾಗಿರುವುದು ಅವಶ್ಯ. ಕಳೆ, ಕೊಯ್ಲು, ರಾಶಿ, ಹೈನು ಇವುಗಳಲ್ಲಿ ಹೆಣ್ಣುಮಕ್ಕಳ ದುಡಿಮೆಯೇ ಹೆಚ್ಚು. ಅವರ ಕಷ್ಟವನ್ನು ಗಂಡಸರ ಬಾಯಿಂದ ಕೇಳಿದರೆ ಅರ್ಧವೇ ತಿಳಿಯುತ್ತದೆ.

3. ವಿದ್ಯಾರ್ಥಿಗಳು: ಕೃಷಿ ಪದವಿಯ ಕೊನೆಯ ವರ್ಷದವರು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ಉಳಿಯುತ್ತಾರೆ. ಅವರು ಚುರುಕಾಗಿ ಕೆಲಸ ಮಾಡುತ್ತಾರೆ, ಆದರೆ ಕೆಲವೇ ತಿಂಗಳಲ್ಲಿ ಹೋಗಿಬಿಡುತ್ತಾರೆ. ಅವರೊಂದಿಗೆ ಊರಿನ ಪರಿಚಯವೂ ಹೋಗದಂತೆ, ಯಾವ ಹಳ್ಳಿಯಲ್ಲಿ ಯಾರನ್ನು ಕೇಳಬೇಕು ಎಂಬುದನ್ನು ಕಚೇರಿಯ ಒಂದು ದಪ್ಪ ವಹಿಯಲ್ಲಿ ಬರೆಸಿಡಬೇಕು. ಹೊಸಬರಿಗೆ ಮೊದಲ ವಾರ ಈ ವಹಿಯೇ ಪಾಠ.

4. ಊರ ಪ್ರತಿನಿಧಿಗಳು: ತಂಡದ ಬೇರು ಇವರೇ. ಹಳ್ಳಿಗೆ ಇಬ್ಬರಂತೆ ಆರಿಸಬೇಕು. ಒಬ್ಬರು ನೀರಾವರಿ ಹೊಲದವರು, ಇನ್ನೊಬ್ಬರು ಒಣ ಬೇಸಾಯದವರಾದರೆ ಉತ್ತಮ. ಇಬ್ಬರೂ ಒಂದೇ ಮನೆತನದವರಾಗಲಿ, ಒಂದೇ ಪಕ್ಷದವರಾಗಲಿ ಆಗಿರಬಾರದು.

5. ವಿಷಯ ತಜ್ಞರು: ಕೀಟ, ರೋಗ, ಮಣ್ಣು, ಹವಾಮಾನ ಬಲ್ಲ ವಿಜ್ಞಾನಿಗಳು. ಇವರು ದಿನಾಲೂ ಕೇಂದ್ರಕ್ಕೆ ಬರಬೇಕಿಲ್ಲ. ಫೋನಿನಲ್ಲಿ ಸಿಗುವ ವೇಳೆಯನ್ನು ಗೊತ್ತು ಮಾಡಿಕೊಂಡರೆ ಸಾಕು.

ಸುದ್ದಿಯನ್ನು ಒರೆಗೆ ಹಚ್ಚುವುದು

ಒಂದು ಉದಾಹರಣೆ ನೋಡೋಣ. ಸಿಂದಗಿ ತಾಲ್ಲೂಕಿನ ಪ್ರತಿನಿಧಿಯೊಬ್ಬರು ಬೆಳಿಗ್ಗೆ ಫೋನು ಮಾಡಿ, "ನಾಳೆ ಇಂಡಿ ಶಾಖಾ ಕಾಲುವೆಗೆ ನೀರು ಬಿಡ್ತಾರಂತ್ರಿ" ಎನ್ನುತ್ತಾರೆಂದು ತಿಳಿಯೋಣ. ಈ "ಅಂತ್ರಿ" ಎಂಬ ಮಾತಿನಲ್ಲಿಯೇ ಎಚ್ಚರಿಕೆ ಇದೆ. ಯಾರು ಹೇಳಿದರು? ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಯಿತೇ, ಅಥವಾ ಚಹಾದಂಗಡಿಯಲ್ಲಿ ಕೇಳಿದ್ದೇ? ಸಂಬಂಧಿಸಿದ ಇಂಜಿನಿಯರರ ಕಚೇರಿ ಒಪ್ಪುತ್ತದೆಯೇ? ಎಷ್ಟು ದಿನ ಚಾಲೂ, ಎಷ್ಟು ದಿನ ಬಂದ್? ಕೊನೆಯ ಹಳ್ಳಿಗೆ ಯಾವ ದಿನ ಮುಟ್ಟಬಹುದು? ಇಷ್ಟಕ್ಕೂ ಉತ್ತರ ಸಿಗುವವರೆಗೆ ಸುದ್ದಿ ಕಾಯಬೇಕು. ಅವಸರದಲ್ಲಿ ಹೇಳಿಬಿಟ್ಟರೆ ನೀರು ನಂಬಿ ಬಿತ್ತಿದವನ ಬೀಜ ಒಣ ನೆಲದಲ್ಲಿ ಉಳಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬಾನುಲಿಯವರ ಮೇಜಿನ ಮೇಲೆ ಬರೆದಿಡುವಂಥದು.

ಬೇರೆ ಸುದ್ದಿಗಳಿಗೂ ಹೀಗೆಯೇ ಪ್ರಶ್ನೆಗಳಿವೆ.

ಕೀಟದ ಸುದ್ದಿ: "ತೊಗರಿಗೆ ಕೀಡೆ ಬಹಳ ಬಿದ್ದಿದೆ" ಎಂದರೆ ಸಾಲದು. ಹೊಲದ ಐದು ಕಡೆ, ಕಡೆಗೆ ಐದು ಗಿಡಗಳಂತೆ ಎಣಿಸಿ ಹೇಳಬೇಕು. ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಕೀಡೆ ಕಂಡರೆ ಕಾಯಿಕೊರಕದ ಹತೋಟಿಗೆ ತೊಡಗುವ ಮಟ್ಟ ಬಂದಿತೆಂದು ಲೆಕ್ಕ. ಅದಕ್ಕಿಂತ ಕಡಿಮೆ ಇದ್ದಾಗ ಬಾನುಲಿ ಗಾಬರಿ ಹುಟ್ಟಿಸಿದರೆ ಊರಿಗೆ ಊರೇ ದಂಡವಾಗಿ ಔಷಧಿ ಹೊಡೆಯುತ್ತದೆ.

ಔಷಧಿಯ ಪ್ರಮಾಣ: ಲೀಟರ್ ನೀರಿಗೆ ಎಷ್ಟು ಎಂದು ಹೇಳಿ, ಅದನ್ನು ಎರಡು ಸಲ ಓದಬೇಕು. "ಪಂಪಿಗೆ ಇಷ್ಟು" ಎಂದರೆ ಮೋಸ. ಒಬ್ಬರ ಪಂಪು 10 ಲೀಟರಿನದು, ಇನ್ನೊಬ್ಬರದು 16 ಲೀಟರಿನದು. ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಇಳಿಸಿಯೇ ಓದಬೇಕು.

ಧಾರಣೆ: ಯಾವ ಪೇಟೆ, ಯಾವ ದಿನ, ಆವಕ ಎಷ್ಟು, ಕನಿಷ್ಠ ಮತ್ತು ಗರಿಷ್ಠ ದರವೆಷ್ಟು, ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂಬುದೆಲ್ಲ ಬೇಕು. ಗರಿಷ್ಠ ದರವೊಂದನ್ನೇ ಹೇಳಿದರೆ ರೈತ ಆಸೆಪಟ್ಟು ಗಾಡಿ ಬಾಡಿಗೆ ಕಳೆದುಕೊಳ್ಳುತ್ತಾನೆ. ನಿಂಬೆಯಾದರೆ ಚೀಲದ ಲೆಕ್ಕವೋ ಸಾವಿರ ಹಣ್ಣಿನ ಲೆಕ್ಕವೋ ಎಂಬುದನ್ನು ಬಿಡಿಸಿ ಹೇಳಬೇಕು.

ಮಳೆ: ಒಂದು ಊರಿನಲ್ಲಿ ಬಿದ್ದ ಮಳೆ ಪಕ್ಕದ ಊರಿನಲ್ಲಿ ಇರುವುದಿಲ್ಲ. ಆದ್ದರಿಂದ ಊರ ಹೆಸರು ಮತ್ತು ಮಿಲಿಮೀಟರ್ ಎರಡನ್ನೂ ಹೇಳಬೇಕು. ಮುನ್ಸೂಚನೆಯನ್ನು ಹವಾಮಾನ ಇಲಾಖೆಯ ಹೆಸರಿನಲ್ಲಿಯೇ ಓದಬೇಕು. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹೆಯನ್ನು ಅದೇ ಸಂಜೆ ಊರ ಭಾಷೆಯಲ್ಲಿ ತಿಳಿಸಬೇಕು.

ದಿನದ ಕೆಲಸ

ಬೆಳಿಗ್ಗೆ ಪ್ರತಿನಿಧಿಗಳ ಫೋನು ಬರುವ ಸಮಯ ಗೊತ್ತಿರಲಿ. ಬಂದ ಪ್ರತಿಯೊಂದು ಸುದ್ದಿಯನ್ನೂ ಹೇಳಿದವರ ಹೆಸರು ಮತ್ತು ವೇಳೆಯೊಂದಿಗೆ ವಹಿಯಲ್ಲಿ ಬರೆಯಬೇಕು. ನಂತರ ಸಂಪಾದಕರು ಎಲ್ಲರೊಂದಿಗೆ ಕಾಲು ತಾಸು ಕುಳಿತು ಯಾರು ಯಾವುದನ್ನು ಪರೀಕ್ಷಿಸಬೇಕೆಂದು ಹಂಚಿಕೊಡಬೇಕು. ಮಧ್ಯಾಹ್ನ ಪೇಟೆಯ ದರಗಳು, ಸಂಜೆಗೆ ಬರಹ. ಬರೆದವರು ಒಬ್ಬರು, ತಿದ್ದಿ ನೋಡುವವರು ಇನ್ನೊಬ್ಬರು ಇರಬೇಕು. ಅಂಕಿಗಳನ್ನಂತೂ ಎರಡನೆಯ ಕಣ್ಣು ನೋಡದೆ ಬಿಡಬಾರದು. ಹತ್ತು ನಿಮಿಷದ ವರ್ತಮಾನ ಸಾಕು. ಮೊದಲು ಹವೆ ಮತ್ತು ನೀರು, ಬಳಿಕ ಕೀಟ ರೋಗ, ಬಳಿಕ ಧಾರಣೆ, ಕೊನೆಗೆ ಪ್ರಕಟಣೆಗಳು. ರಾತ್ರಿ ಹೇಳಿದ್ದನ್ನು ಮರುದಿನ ನಸುಕಿನಲ್ಲಿ ಇನ್ನೊಮ್ಮೆ ಹೇಳಿದರೆ ಹೊಲಕ್ಕೆ ಹೊರಟವರ ಕಿವಿಗೂ ಬೀಳುತ್ತದೆ.

ತಪ್ಪಾದಾಗ

ಎಷ್ಟು ಜೋಪಾನ ಮಾಡಿದರೂ ಒಮ್ಮೆ ತಪ್ಪಾಗುತ್ತದೆ. ಆಗ ತಪ್ಪು ಹೇಳಿದ ಅದೇ ವೇಳೆಯಲ್ಲಿ, ವರ್ತಮಾನದ ಮೊದಲಿಗೇ, "ನಿನ್ನೆ ಹೀಗೆ ಹೇಳಿದ್ದೆವು, ಅದು ತಪ್ಪು, ಸರಿಯಾದುದು ಇದು" ಎಂದು ಹೇಳಬೇಕು. ಔಷಧಿಯ ಪ್ರಮಾಣದಲ್ಲಿ ತಪ್ಪಿದ್ದರೆ ಮರುದಿನಕ್ಕೆ ಕಾಯದೆ ಕೂಡಲೇ ಹೇಳಬೇಕು, ಪ್ರತಿನಿಧಿಗಳಿಗೂ ಫೋನು ಮಾಡಬೇಕು. ತಪ್ಪೊಪ್ಪಿದ ಕೇಂದ್ರವನ್ನು ರೈತರು ನಂಬುತ್ತಾರೆ. ಮುಚ್ಚಿಟ್ಟ ಕೇಂದ್ರದ ಸರಿ ಮಾತನ್ನೂ ಅವರು ನಂಬುವುದಿಲ್ಲ. ಸುದ್ದಿ ತಂದ ಹುಡುಗನನ್ನು ಎಲ್ಲರೆದುರು ಬೈದರೆ ಅವನು ಮುಂದೆ ತಪ್ಪುಗಳನ್ನು ಬಚ್ಚಿಡುವುದನ್ನು ಕಲಿಯುತ್ತಾನೆ. ಪರೀಕ್ಷೆ ಯಾವ ಹಂತದಲ್ಲಿ ತಪ್ಪಿತೆಂದು ವಹಿ ತೆಗೆದು ನೋಡಿ, ಆ ಹಂತವನ್ನು ಬಿಗಿ ಮಾಡಬೇಕು.

ದೂರು ಬಂದರೆ

ಇದು ಅತಿ ಸೂಕ್ಷ್ಮವಾದ ಸಂಗತಿ. ವಿಶ್ವವಿದ್ಯಾಲಯವೇ ಶಿಫಾರಸು ಮಾಡಿದ ತಳಿಯೊಂದು ನಮ್ಮ ಎರೆಭೂಮಿಯಲ್ಲಿ ಸರಿಯಾಗಿ ಬರಲಿಲ್ಲ ಎಂದು ಹತ್ತು ಜನ ರೈತರು ಹೇಳಿದರೆ ವಿಶ್ವವಿದ್ಯಾಲಯದ ಬಾನುಲಿ ಏನು ಮಾಡಬೇಕು? ಮುಚ್ಚಿಡುವುದು ಸುಲಭ. ಆದರೆ ಹಾಗೆ ಮಾಡಿದ ದಿನವೇ ಅದು ರೈತರ ಬಾನುಲಿಯಾಗಿ ಉಳಿಯುವುದಿಲ್ಲ. ವಿಜ್ಞಾನಿಯನ್ನು ಹೊಲಕ್ಕೆ ಕರೆದೊಯ್ದು, ಬಿತ್ತಿದ ದಿನ, ಮಳೆ, ಮಣ್ಣಿನ ಆಳ ಎಲ್ಲವನ್ನೂ ನೋಡಿಸಿ, ರೈತರ ಮಾತು ಮತ್ತು ವಿಜ್ಞಾನಿಯ ಉತ್ತರ ಎರಡನ್ನೂ ಒಟ್ಟಿಗೆ ಬಿತ್ತರಿಸಬೇಕು. ಇದಕ್ಕೆ ಸಂಪಾದಕರು ಪ್ರತಿ ಸಲ ಮೇಲಧಿಕಾರಿಗಳ ಅಪ್ಪಣೆ ಬೇಡುವಂತಾಗಬಾರದು. ಕೇಂದ್ರ ಆರಂಭವಾಗುವಾಗಲೇ ಈ ಸ್ವಾತಂತ್ರ್ಯವನ್ನು ಬರಹದಲ್ಲಿ ಪಡೆದಿರಬೇಕು. ಜಾಹೀರಾತು ಕೊಡುವ ಔಷಧಿ ವ್ಯಾಪಾರಿಗಳ ವಿಷಯದಲ್ಲಿಯೂ ಇದೇ ನಿಯಮ: ಹಣ ಕೊಟ್ಟವರು ಸಲಹೆಯನ್ನು ಬರೆಯಬಾರದು.

ಬೀಜ ಮೊಳೆಯಲಿಲ್ಲವೆಂದು ಅಂಗಡಿಯವರ ಮೇಲೆ ದೂರು ಬಂದರೆ ಹೆಸರು ಹೇಳಿ ನಿಂದಿಸುವುದು ಸಲ್ಲದು. ರಸೀದಿ, ಚೀಲದ ಚೀಟಿ ಮತ್ತು ಒಂದಿಷ್ಟು ಬೀಜವನ್ನು ಕಾಯ್ದಿಟ್ಟುಕೊಂಡು ಕೃಷಿ ಇಲಾಖೆಗೆ ಲಿಖಿತ ದೂರು ಕೊಡುವ ಕ್ರಮವನ್ನು ಬಿತ್ತರಿಸಬೇಕು.

ರೈತರು ಮಾಡಬೇಕಾದುದು

ಈ ಭಾಗದಲ್ಲಿ ಇಂತಹ ಕೇಂದ್ರ ಬರುವವರೆಗೆ ಸುಮ್ಮನೆ ಕೂಡಬೇಕಿಲ್ಲ. ಒಂದು ನೋಟ್ ಪುಸ್ತಕವಿಟ್ಟು ಊರಿನ ಮಳೆ, ನೀರು ಬಂದ ದಿನ, ಕೀಟ ಕಂಡ ದಿನ ಮತ್ತು ಮಾರಿದ ದರವನ್ನು ಬರೆಯಿರಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆ ಬರೆಯುವ ರೂಢಿ ಮಾಡಿಕೊಳ್ಳಿ. ಸಂದೇಹ ಬಂದಾಗ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ರೈತ ಸಂಪರ್ಕ ಕೇಂದ್ರವನ್ನಾಗಲಿ ಕೇಳಿರಿ. ಮೊಬೈಲಿನಲ್ಲಿ ಬಂದ ಮಾತನ್ನು ಮುಂದಕ್ಕೆ ಕಳಿಸುವ ಮುನ್ನ ಯಾರು ಹೇಳಿದರು, ಎಂದು ಹೇಳಿದರು ಎಂದು ಕೇಳಿರಿ. ಈ ಶಿಸ್ತು ಇಂದೇ ಬಂದರೆ, ನಾಳೆ ಬಾನುಲಿ ಕೇಂದ್ರ ನಿಮ್ಮ ಊರ ಹತ್ತಿರ ಬಂದಾಗ ಅದಕ್ಕೆ ತಕ್ಕ ಪ್ರತಿನಿಧಿಗಳು ಸಿದ್ಧರಿರುತ್ತಾರೆ.