ಬುತ್ತಿಯ ಡಬ್ಬಿಗೆ ಯಾರ ಬೀಗ?

ಬಾಗಲಕೋಟೆಯಲ್ಲಿ ರೂಮು ಹಿಡಿದು ಓದುವ ಮಕ್ಕಳಿಗೆ ಲೋಕಾಪುರದ ಕಡೆಯ ತಾಯಂದಿರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬಸ್ಸಿನಲ್ಲಿ ಬುತ್ತಿ ಕಳಿಸುವುದು ಹೊಸ ಸಂಗತಿಯೇನಲ್ಲ. ಬುತ್ತಿ ಬಟ್ಟೆಯ ಗಂಟಾಗಿದ್ದರೆ ದಾರಿಯಲ್ಲಿ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಅದನ್ನೇ ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಒಂದು ಕೀಲಿಕೈ ತಾಯಿಯ ಬಳಿ, ಇನ್ನೊಂದು ಮಗನ ಬಳಿ ಇದ್ದರೆ? ಬಸ್ಸು ಎಲ್ಲರದು, ಡಬ್ಬಿ ಮಾತ್ರ ಇಬ್ಬರದು. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದು ಕಂಡಕ್ಟರಿಗೆ ಗೊತ್ತು. ಒಳಗೇನಿದೆ ಎಂಬುದು ಗೊತ್ತಿಲ್ಲ.

ಅಂತರಜಾಲವೆಂಬ ಸಾರ್ವಜನಿಕ ಬಸ್ಸಿನಲ್ಲಿ ಹೀಗೆ ಬೀಗ ಹಾಕಿದ ಡಬ್ಬಿಗಳನ್ನು ಸಾಗಿಸುವ ಏರ್ಪಾಡಿಗೆ ‘ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್’, ಚಿಕ್ಕದಾಗಿ ವಿಪಿಎನ್, ಎಂದು ಹೆಸರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ನೌಕರರು ಊರಿಗೆ ಮರಳಿ, ಮನೆಯ ಪಡಸಾಲೆಯಲ್ಲಿ ಕುಳಿತೇ ಕಚೇರಿಯ ಕಂಪ್ಯೂಟರಿನ ಕೆಲಸ ಮಾಡಿದ್ದು ಇದರ ಬಲದಿಂದ. ಅದಕ್ಕೆ ಅನುವಾಗಲೆಂದು ಕೇಂದ್ರ ದೂರಸಂಪರ್ಕ ಇಲಾಖೆಯೂ ಆ ತಿಂಗಳು ತನ್ನ ನಿಬಂಧನೆಗಳನ್ನು ಸಡಿಲಿಸಿತ್ತು.

ಪುಕ್ಕಟೆ ಬೇರೆ, ಮುಕ್ತ ಬೇರೆ

ಇಂದು ವಿಪಿಎನ್ ಎಂಬ ಹೆಸರು ಹೈಸ್ಕೂಲು ಹುಡುಗರಿಗೂ ಪರಿಚಿತ. ಮೊಬೈಲಿಗೆ ಅಂಥ ಆ್ಯಪ್‌ಗಳು ಬೇಕಾದಷ್ಟು ಸಿಗುತ್ತವೆ. ‘ಪುಕ್ಕಟೆ ಸಿಗತೈತಿ, ಹಾಕ್ಕೊಂಡ್ರ ಏನಾತಪ್ಪಾ?’ ಎಂದು ಮಗ ಕೇಳಿದರೆ ಅನೇಕ ತಂದೆಯರಿಗೆ ಉತ್ತರ ತೋಚದು. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ಸಂಶೋಧಕರು ಇತರರೊಡನೆ ಸೇರಿ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಂಡ್ರಾಯ್ಡ್ ಫೋನಿನ 283 ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಶೇಕಡಾ 38ರಷ್ಟು ಆ್ಯಪ್‌ಗಳಲ್ಲಿ ಹಾನಿಕರ ತಂತ್ರಾಂಶದ ಸುಳಿವು ಸಿಕ್ಕಿತು. ಶೇಕಡಾ 18ರಷ್ಟು ಆ್ಯಪ್‌ಗಳು ಡಬ್ಬಿಗೆ ಬೀಗವನ್ನೇ ಹಾಕುತ್ತಿರಲಿಲ್ಲ! ಇಂಥ ಏರ್ಪಾಡಿನಲ್ಲಿ ಡಬ್ಬಿಯನ್ನು ತೆರೆಯುವ ಕೀಲಿಕೈ ಇರುವುದು ಮುಖ ಕಾಣದ ಮೂರನೆಯವರ ಕೈಯಲ್ಲಿ.

ಮುಕ್ತ ತಂತ್ರಾಂಶದ ರೀತಿಯೇ ಬೇರೆ. ಅದರ ಮೂಲ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮದೇ ಯಂತ್ರದಲ್ಲಿ ನಡೆಸಬಹುದು. ಆಗ ಕೀಲಿಕೈ ನಮ್ಮಲ್ಲೇ ಉಳಿಯುತ್ತದೆ. ಬೀಗದ ರಚನೆ ಎಲ್ಲರಿಗೂ ತಿಳಿದರೆ ಕಳ್ಳನಿಗೆ ಅನುಕೂಲವಲ್ಲವೇ? ಈ ಪ್ರಶ್ನೆಗೆ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಡಚ್ ಮೂಲದ ಭಾಷಾ ವಿದ್ವಾಂಸ 1883ರಲ್ಲೇ ಉತ್ತರ ಕೊಟ್ಟಿದ್ದಾನೆ. ಬೀಗದ ರಚನೆ ಶತ್ರುವಿಗೆ ತಿಳಿದರೂ ಕೀಲಿಕೈ ಒಂದು ಗುಟ್ಟಾಗಿದ್ದರೆ ಸಾಕು, ಅಂಥದ್ದೇ ನಿಜವಾದ ಬೀಗ ಎಂಬುದು ಅವನ ಮಾತಿನ ಸಾರ.

ಮೂರು ಬೀಗಗಳು

ಸ್ವಂತ ವಿಪಿಎನ್ ಕಟ್ಟಲು ಹೊರಟ ವಿದ್ಯಾರ್ಥಿಗೆ ಮುಖ್ಯವಾಗಿ ಮೂರು ಮುಕ್ತ ತಂತ್ರಾಂಶಗಳು ಎದುರಾಗುತ್ತವೆ.

ಮೊದಲನೆಯದು ಓಪನ್‌ವಿಪಿಎನ್. ಜೇಮ್ಸ್ ಯೋನನ್ ಇದನ್ನು 2001ರಲ್ಲಿ ಹೊರತಂದರು. ಸಾಮಾನ್ಯ ಜಾಲತಾಣಗಳು ಬಳಸುವ ದಾರಿಯಲ್ಲೇ ಇದನ್ನೂ ಸಾಗಿಸಬಹುದಾದ್ದರಿಂದ, ಬೇರೆ ದಾರಿಗಳು ಮುಚ್ಚಿರುವ ಕಡೆಯೂ ಇದು ನಡೆಯುವ ಸಂಭವ ಹೆಚ್ಚು. ಆದರೆ ಹೊಂದಿಸಬೇಕಾದ ಅಂಶಗಳು ಬಹಳ. ಕಲಿಯುವವರು ಎಡವುವುದೂ ಅಷ್ಟೇ ಸುಲಭ.

ಎರಡನೆಯದು ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್. 2020ರ ಮಾರ್ಚ್‌ನಲ್ಲಿ ಇದು ಲಿನಕ್ಸ್‌ನ ಒಡಲೊಳಗೇ ಸೇರಿತು. ಅದರಲ್ಲಿ ಇದರ ಬರವಣಿಗೆ ಸುಮಾರು 4,000 ಸಾಲು ಮಾತ್ರ. ಹಟ ಹಿಡಿದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಇದನ್ನು ಪೂರ್ತಿ ಓದಿ ಮುಗಿಸಬಹುದು. ವೇಗವೂ ಚೆನ್ನ. ಆದರೆ ಇದು ಯುಡಿಪಿ ಎಂಬ ಒಂದೇ ಬಗೆಯ ಸಾಗಣೆಯನ್ನು ನಂಬಿದೆ; ಅದನ್ನು ತಡೆದಿರುವ ಕಡೆ ನಿಂತುಬಿಡುತ್ತದೆ.

ಮೂರನೆಯದು ಸ್ಟ್ರಾಂಗ್‌ಸ್ವಾನ್. ಬೇರೆ ಬೇರೆ ಕಂಪನಿಗಳ ಉಪಕರಣಗಳೂ ಒಪ್ಪುವ ಐಪಿಸೆಕ್ ಎಂಬ ಕಟ್ಟಳೆಯನ್ನು ಇದು ಅನುಸರಿಸುತ್ತದೆ. ಎರಡು ಕಚೇರಿಗಳ ಜಾಲಗಳನ್ನು ಬೆಸೆಯಲು ಯೋಗ್ಯ.

ಮನೆಯಿಂದ ತನ್ನದೇ ಇನ್ನೊಂದು ಕಂಪ್ಯೂಟರನ್ನು ಮುಟ್ಟಬೇಕೆನ್ನುವ ವಿದ್ಯಾರ್ಥಿಗೆ ವೈರ್‌ಗಾರ್ಡ್ ಸಾಕು. ಹಳೆಯ ಉಪಕರಣಗಳಲ್ಲಿ ಇನ್ನೂ ಕಾಣುವ ಪಿಪಿಟಿಪಿ ಎಂಬ ವಿಧಾನ ಮಾತ್ರ ಬೇಡ. ಮೈಕ್ರೋಸಾಫ್ಟ್ ಅಳವಡಿಸಿದ್ದ ಅದರ ರೂಪದ ದೌರ್ಬಲ್ಯಗಳನ್ನು ತಜ್ಞರು 1998ರಲ್ಲೇ ಬಯಲು ಮಾಡಿದ್ದಾರೆ.

ಆರಂಭಕ್ಕೆ ಮುನ್ನ ಇನ್ನೊಂದು ವಿಚಾರ. ಬಸ್ಸು ಬಂದು ನಿಲ್ಲಲು ನಿಲ್ದಾಣ ಬೇಕಲ್ಲವೇ? ಹಾಗೆಯೇ ಎರಡು ತುದಿಗಳಲ್ಲಿ ಒಂದಕ್ಕಾದರೂ ಹೊರಗಿನಿಂದ ತಲಪಬಹುದಾದ ವಿಳಾಸ ಇರಬೇಕು. ಅನೇಕ ಮನೆ ಹಾಗೂ ಮೊಬೈಲ್ ಸಂಪರ್ಕಗಳಲ್ಲಿ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ. ಇದನ್ನು ಅರಿಯದೆ ರಾತ್ರಿಯಿಡೀ ತಂತ್ರಾಂಶವನ್ನು ಬೈದು ಫಲವಿಲ್ಲ. ಸಂಪರ್ಕ ಕೊಟ್ಟವರನ್ನು ಮೊದಲೇ ವಿಚಾರಿಸುವುದು ಲೇಸು.

ಮುಕ್ತವಾದದ್ದೆಲ್ಲ ದೋಷರಹಿತ ಎಂದೇನೂ ಅಲ್ಲ. ಓಪನ್‌ವಿಪಿಎನ್ ಬಳಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2012ರಿಂದ ಅಡಗಿದ್ದ ‘ಹಾರ್ಟ್‌ಬ್ಲೀಡ್’ ಎಂಬ ದೋಷ 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಎರಡು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ! ಬಯಲಾದ ದಿನವೇ ತಿದ್ದುಪಡಿಯೂ ಹೊರಬಂತು. ಆದರೆ ಅದನ್ನು ಹಾಕಿಕೊಂಡವರಿಗೆ ಮಾತ್ರ ರಕ್ಷಣೆ. ಆದುದರಿಂದ ಈಚೆಗೆ ಪರಿಷ್ಕರಣೆ ಕಾಣದ ತಂತ್ರಾಂಶವನ್ನು ಆರಿಸಬಾರದು. ಆರಿಸಿದ್ದನ್ನು ಹಳತಾಗಲು ಬಿಡಲೂಬಾರದು.

ವಿಪಿಎನ್ ತಪ್ಪು ಕೆಲಸಕ್ಕೆ ಮುಸುಕೂ ಅಲ್ಲ. ಸೇವೆ ಮಾರುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಕಾಲೇಜಿನ ಜಾಲಕ್ಕೆ ವಿಪಿಎನ್ ಜೋಡಿಸುವ ಮುನ್ನ ಅಲ್ಲಿನವರ ಅನುಮತಿ ಪಡೆಯುವುದು ಅಗತ್ಯ.

ಕೀಲಿಕೈಯನ್ನು ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗೆ ಕಳಿಸಿದರೆ ಎಷ್ಟು ಗಟ್ಟಿ ಬೀಗವಾದರೂ ವ್ಯರ್ಥ. ಮಗ ಹೊಸ ಆ್ಯಪ್ ಹಾಕಿಕೊಂಡಾಗ ತಂದೆತಾಯಿಗೆ ತಂತ್ರಜ್ಞಾನ ತಿಳಿದಿರಬೇಕಾಗಿಲ್ಲ. ‘ಇದರ ಕೀಲಿಕೈ ಯಾರ ಕೈಯಾಗ ಐತಿ?’ ಎಂದು ಕೇಳಿದರೆ ಸಾಕು. ಮಗ ಉತ್ತರ ಹುಡುಕಲಿ. ಪಾಠ ಅಲ್ಲಿಂದಲೇ ಶುರುವಾಗುತ್ತದೆ.